ಮನೆಮಾತೇ ಇಂಗ್ಲಿಷಿಗೆ ಮೆಟ್ಟಿಲು

ಪ್ರಶ್ನೆ: ನಾವು ತಮಿಳುನಾಡಿನ ಹರೂರಿನಲ್ಲಿ ನೆಲೆಸಿರುವ ಕನ್ನಡ ಮನೆಯವರು. ಏಳನೇ ತರಗತಿಯ ಮಗಳಿಗೆ ಶಾಲೆಯಲ್ಲಿ ತಮಿಳು ಸಲೀಸು. ಇಂಗ್ಲಿಷ್ ಎಂದರೆ ಬಾಯಿ ಕಟ್ಟುತ್ತದೆ, ಬರೆಯಲೂ ಅಂಜುತ್ತಾಳೆ. ಮನೆಯಲ್ಲಿ ಕನ್ನಡ ಬಿಡಬೇಕೆ?

ಉತ್ತರ: ದಯವಿಟ್ಟು ಬಿಡಬೇಡಿ, ತಾಯಿ. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಅವರ ಮನೆಮಾತು ತಮಿಳು, ಬೀದಿಯ ಮಾತು ಕನ್ನಡ. ಎರಡನ್ನೂ ಉಳಿಸಿಕೊಂಡೇ ಅವರು ಇಂಗ್ಲಿಷಿನ ದೊಡ್ಡ ಕವಿಯಾದರು.

ಇಂಗ್ಲಿಷ್ ಉಚ್ಚಾರಣೆಗೂ ಕನ್ನಡ ನೆರವಾಗುತ್ತದೆ. ತಮಿಳು ಲಿಪಿಯಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ಕನ್ನಡದಲ್ಲಿ ಬೇರೆ ಬೇರೆ. ‘ಪಿನ್’, ‘ಬಿನ್’ ನಡುವಿನ ವ್ಯತ್ಯಾಸವನ್ನು ಕನ್ನಡದಲ್ಲೇ ಬರೆದು ತೋರಿಸಿ. ಮಕ್ಕಳು ಎಡವುವ ಇನ್ನೊಂದು ಕಡೆ ವಾಕ್ಯದ ಜೋಡಣೆ. ಕನ್ನಡ, ತಮಿಳು ಎರಡರಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ. ‘ನಾನು ಮಾವಿನಹಣ್ಣು ತಿಂದೆ’ ಎಂಬುದು ‘ಐ ಏಟ್ ಎ ಮ್ಯಾಂಗೊ’ ಆಗುತ್ತದೆ. ನಡುವಿನ ಆ ‘ಎ’ ನಮ್ಮ ಭಾಷೆಗಳ ರೂಢಿಯಲ್ಲಿಲ್ಲ. ಅದನ್ನು ಮರೆಯುವುದು ದಡ್ಡತನವಲ್ಲ.

ಸಂಜೆ ಹತ್ತು ನಿಮಿಷ ಸಾಕು. ನಿಮ್ಮೂರ ಬಳಿಯ ತೀರ್ಥಮಲೆ ಬೆಟ್ಟಕ್ಕೆ ಹೋಗಿಬಂದದ್ದನ್ನೋ ಸಂತೆಯಲ್ಲಿ ಕಂಡದ್ದನ್ನೋ ಮೊದಲು ಕನ್ನಡದಲ್ಲಿ ಹೇಳಲಿ, ಬಳಿಕ ಇಂಗ್ಲಿಷಿನಲ್ಲಿ. ಮಾತಿನ ನಡುವೆ ತಿದ್ದಬೇಡಿ. ಹೇಳಿದ್ದರಲ್ಲೇ ಐದು ವಾಕ್ಯ ನೋಟ್‌ಬುಕ್ಕಿನಲ್ಲಿ ಬರೆಯಲಿ. ದಿನಕ್ಕೆ ಒಂದೇ ಬಗೆಯ ತಪ್ಪು ತಿದ್ದಿ: ಇಂದು ಕ್ರಿಯಾಪದದ ಕಾಲ, ನಾಳೆ ‘ಎ’, ‘ದಿ’. ತಿದ್ದಿದ ವಾಕ್ಯಗಳನ್ನು ಮರುದಿನ ಗಟ್ಟಿಯಾಗಿ ಓದಿಸಿ.

ಹೇಳಲು ವಿಷಯವಿರುವ ಮಗುವಿಗೆ ಪದಗಳು ಬಂದೇ ಬರುತ್ತವೆ. ಆ ವಿಷಯ ಹುಟ್ಟುವುದು ಮನೆಮಾತಿನಲ್ಲಿ, ಅದನ್ನು ಕಾಪಾಡಿ.