ಕೆಮ್ಮು ನಿಂತಿತು, ಹೊಟ್ಟೆ ಸರಿಹೋಗಲಿಲ್ಲ



ಕೋವಿಡ್ ಎಂದೊಡನೆ ನಮಗೆ ನೆನಪಾಗುವುದು ಜ್ವರ, ಕೆಮ್ಮು, ಉಸಿರಾಟದ ತೊಂದರೆ. ಆದರೆ ಈ ರೋಗ ಹೊಟ್ಟೆಯನ್ನೂ ಬಿಡುವುದಿಲ್ಲ. ಇದರ ವೈರಾಣು ಜೀವಕೋಶದೊಳಗೆ ನುಗ್ಗಲು 'ಎಸಿಇ-2' ಎಂಬ ಬಾಗಿಲನ್ನು ಬಳಸುತ್ತದೆ. ಈ ಬಾಗಿಲು ಶ್ವಾಸಕೋಶದಲ್ಲಿರುವಂತೆ ಸಣ್ಣ ಕರುಳಿನ ಒಳಪದರದಲ್ಲಿಯೂ ಹೇರಳವಾಗಿದೆ. ಆದ್ದರಿಂದಲೇ ಕೆಲವರಿಗೆ ಹಸಿವು ಸತ್ತುಹೋಗುತ್ತದೆ. ವಾಕರಿಕೆ, ವಾಂತಿ, ಭೇದಿ, ಹೊಟ್ಟೆನೋವು ಬರುತ್ತವೆ. ಕೆಮ್ಮಿಗೆ ಮೊದಲೇ ಇವು ಕಾಣಿಸಿಕೊಳ್ಳುವುದೂ ಉಂಟು.

ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಮಾತ್ರ ತೊಂದರೆ ತಿಂಗಳುಗಟ್ಟಲೆ ಉಳಿಯುತ್ತದೆ. ವಿಪರೀತ ಆಯಾಸ, ಏದುಸಿರು, ಮರೆವು ಇದರ ಮುಖ್ಯ ಲಕ್ಷಣಗಳು. ಹೊಟ್ಟೆಯುಬ್ಬರ, ಭೇದಿ, ಮಲಬದ್ಧತೆಯಿಂದ ನರಳುವವರೂ ಇದ್ದಾರೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಸ್ಥಿತಿಯನ್ನು ಗುರುತಿಸಿ ವಿವರಿಸಿತು. ಆದ್ದರಿಂದ ಇದು ಸೋಮಾರಿತನವಲ್ಲ, ಮನಸ್ಸಿನ ಭ್ರಮೆಯೂ ಅಲ್ಲ.

ಸಂತ ಮಾರ್ಕನ ಶುಭಸಂದೇಶದ 5ನೇ ಅಧ್ಯಾಯವನ್ನು ಮನೆಯವರೆಲ್ಲ ಕೂಡಿ ಓದಿರಿ. ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಸ್ತ್ರೀಯ ಮಾತನ್ನು ಪ್ರಭು ಯೇಸು ನಿಂತು ಕೇಳಿಸಿಕೊಂಡರು. ಯಾಯೀರನ ಮಗಳನ್ನು ಎಬ್ಬಿಸಿದ ಮೇಲೆ ಅವಳಿಗೆ ತಿನ್ನಲು ಏನಾದರೂ ಕೊಡಬೇಕೆಂಬುದನ್ನೂ ಮರೆಯಲಿಲ್ಲ. ಜೀವ ಉಳಿಸುವುದು ಪ್ರಭುವಿನ ಕೆಲಸವಾಯಿತು. ಉಣಿಸಿ ಆರೈಕೆ ಮಾಡುವುದು ಮನೆಯವರ ಪಾಲಿಗೆ ಬಂತು. ನಮ್ಮ ಪಾಲಿಗೂ ಬಂದಿರುವುದು ಇದೇ.

ಹಾಗಾದರೆ ನಾವು ಏನು ಮಾಡಬೇಕು?

ಒಂದೇ ಸಲ ತಟ್ಟೆ ತುಂಬ ಬಡಿಸಬೇಡಿ. ಗಂಜಿ, ಮೆತ್ತನೆಯ ಅನ್ನ, ಬೇಳೆಕಟ್ಟನ್ನು ಸ್ವಲ್ಪಸ್ವಲ್ಪವಾಗಿ, ಹಲವು ಸಲ ಕೊಡಿ. ಭೇದಿಯಾದರೆ 1 ಲೀಟರ್ ಶುದ್ಧ ನೀರಿಗೆ 6 ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಮಲದಲ್ಲಿ ರಕ್ತ, ಕಪ್ಪು ಮಲ, ನಿಲ್ಲದ ವಾಂತಿ, ತೂಕ ಇಳಿಯುವುದು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಎಲ್ಲವನ್ನೂ ಕೋವಿಡ್‌ನ ತಲೆಗೆ ಕಟ್ಟಿದರೆ ಬೇರೆ ಕಾಯಿಲೆ ಮರೆಯಾದೀತು.

ಇನ್ನೊಂದು ಮಾತು. ಆಗಾಗ ತಿನ್ನಲೇಬೇಕಾದ ರೋಗಿಗಳು, ಒಂದು ಗಂಟೆಯ ಉಪವಾಸ ಆಗಲಿಲ್ಲವೆಂದು ಪರಮಪ್ರಸಾದವನ್ನು ಬಿಡುವುದುಂಟು. ಹಾಗೆ ಬಿಡಬೇಕಾಗಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೇ ವಿಧಿ ವೃದ್ಧರಿಗೂ ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಈ ನಿಯಮದಿಂದ ವಿನಾಯಿತಿ ಕೊಟ್ಟಿದೆ. ನೀರು ಮತ್ತು ಔಷಧಿಗೆ ಯಾರಿಗೂ ಅಡ್ಡಿಯಿಲ್ಲ. ದೇವಾಲಯಕ್ಕೆ ಬರಲಾಗದವರಿದ್ದರೆ ಧರ್ಮಕೇಂದ್ರದ ಗುರುಗಳಿಗೆ ತಿಳಿಸಿರಿ. ಪರಮಪ್ರಸಾದ ಮನೆಗೇ ಬರುತ್ತದೆ.

ಈ ವಾರ ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ "ಇನ್ನೂ ಸರಿಹೋಗಿಲ್ಲ" ಎನ್ನುವವರೊಬ್ಬರ ಬಳಿ ಕುಳಿತು ಅವರ ಮಾತನ್ನು ಪೂರ್ತಿ ಕೇಳಿ. ನಡುವೆ ಉಪದೇಶ ಬೇಡ. ಅವರ ಹೆಸರಿನಲ್ಲಿ ಒಂದು ಜಪಸರ ಹೇಳಿ. ಹೋಗುವಾಗ ಒಂದು ಲೋಟ ಬಿಸಿ ಗಂಜಿ ಕೊಂಡೊಯ್ಯಿರಿ.