ಕಡಲಿನಲ್ಲಿ ಎದುರಾದ ಹಡಗು

ಮಂಡ್ಯ ತಾಲ್ಲೂಕಿನ ಕೆರಗೋಡು ಕಬ್ಬು ಭತ್ತಗಳ ಸೀಮೆ. ಅಲ್ಲಿಂದ ಅರಬ್ಬೀ ಸಮುದ್ರದ ತೀರಕ್ಕೆ ಸುಮಾರು ಮುನ್ನೂರು ಕಿಲೋಮೀಟರು ದಾರಿ. ಆದರೂ ಕಡಲಯಾನದ ಒಂದು ಮುಖ್ಯ ಪಾಠ ಆ ಸೀಮೆಯ ಹಿರಿಯರಿಗೆ ಚೆನ್ನಾಗಿ ತಿಳಿದಿತ್ತು. 1933ರಲ್ಲಿ ಸ್ಥಾಪನೆಗೊಂಡ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ತುಂಬಿದ ಎತ್ತಿನ ಗಾಡಿಗಳು ರಾತ್ರಿಯಲ್ಲಿ ಸಾಲುಗಟ್ಟಿ ಸಾಗುತ್ತಿದ್ದ ಕಾಲದಲ್ಲಿ, ಗಾಡಿಯ ಅಚ್ಚಿನ ಕೆಳಗೆ ಲಾಂದ್ರವೊಂದು ತೂಗಾಡುತ್ತಿತ್ತು. ಎತ್ತುಗಳಿಗೆ ದಾರಿ ಗೊತ್ತಿತ್ತು. ಅವಕ್ಕೆ ಆ ಬೆಳಕು ಬೇಕಿರಲಿಲ್ಲ. ಕತ್ತಲಲ್ಲಿ ಎದುರು ಬರುವ ಅಪರಿಚಿತನಿಗೆ 'ಇಲ್ಲೊಂದು ಗಾಡಿಯಿದೆ, ಇದು ಈ ಕಡೆ ಹೋಗುತ್ತಿದೆ' ಎಂದು ತಿಳಿಸುವುದೇ ಲಾಂದ್ರದ ಕೆಲಸವಾಗಿತ್ತು. ಅಪರಿಚಿತನು ಯಾರೆಂದು ತಿಳಿಯುವ ಮೊದಲು ತನ್ನ ಇರವನ್ನು ಅವನಿಗೆ ತಿಳಿಸಬೇಕು ಎಂಬ ಈ ವಿವೇಕವೇ ಕಡಲಿನಲ್ಲಿ ನಾವಿಕನ ಪ್ರಾಣವನ್ನು ಕಾಯುತ್ತದೆ.

ನೆಲದ ಮೇಲೆ ರಸ್ತೆಗೆ ಅಂಚುಂಟು, ತಿರುವುಂಟು, ಕೂಗಿದರೆ ಕೇಳುವ ಊರುಂಟು. ಕಡಲಿನಲ್ಲಿ ಇವಾವುವೂ ಇಲ್ಲ. ಹಡಗು ಯಾವ ದಿಕ್ಕಿನಿಂದಲಾದರೂ ಬರಬಹುದು, ಯಾವ ದಿಕ್ಕಿಗಾದರೂ ತಿರುಗಬಹುದು. ಅದು ಯಾವ ದೇಶದ್ದು, ಅದರಲ್ಲಿರುವವರು ಯಾರು, ಅವರ ಭಾಷೆ ಯಾವುದು, ಅವರ ಉದ್ದೇಶವೇನು ಎಂಬುದು ದೂರದಿಂದ ತಿಳಿಯುವುದಿಲ್ಲ. ಇಂತಹ ಸನ್ನಿವೇಶದಲ್ಲಿ ನಾವಿಕನು ಹೇಗೆ ನಡೆದುಕೊಳ್ಳಬೇಕು? ಕರ್ನಾಟಕದ ಕರಾವಳಿಯ ಸಾವಿರಾರು ಮೀನುಗಾರರಿಗೆ ಇದು ದಿನನಿತ್ಯದ ಪ್ರಶ್ನೆಯಾಗಿದೆ.

ಕಾರವಾರದಿಂದ ಮಂಗಳೂರಿನವರೆಗೆ ಹಬ್ಬಿರುವ ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರು ಉದ್ದವಾಗಿದೆ. ಮಲ್ಪೆ, ಮಂಗಳೂರು, ಗಂಗೊಳ್ಳಿ, ಹೊನ್ನಾವರ, ಕಾರವಾರ ಮೊದಲಾದ ಬಂದರುಗಳಿಂದ ಹೊರಡುವ ಆಳಸಮುದ್ರದ ದೋಣಿಗಳು ಹಲವು ದಿನಗಳ ಕಾಲ ಕಡಲಿನಲ್ಲಿಯೇ ಉಳಿಯುತ್ತವೆ. ಅದೇ ನೀರಿನಲ್ಲಿ ತೈಲ, ಕಲ್ಲಿದ್ದಲು ಮತ್ತು ಪೆಟ್ಟಿಗೆ ಸರಕುಗಳನ್ನು ಹೊತ್ತ ಭಾರಿ ಹಡಗುಗಳು ಮುಂಬಯಿ, ನವಮಂಗಳೂರು, ಕೊಚ್ಚಿ, ಕೊಲಂಬೊಗಳ ನಡುವೆ ಸಂಚರಿಸುತ್ತವೆ. ಒಂದು ಕಡೆ ಹತ್ತಾರು ಮೀಟರು ಉದ್ದದ ದೋಣಿ. ಇನ್ನೊಂದು ಕಡೆ ಇನ್ನೂರು ಮುನ್ನೂರು ಮೀಟರು ಉದ್ದದ ಉಕ್ಕಿನ ಹಡಗು. ಇವೆರಡೂ ಎದುರಾದಾಗ ಚಿಕ್ಕದಕ್ಕೆ ಅಪಾಯ ಹೆಚ್ಚು.

ಈ ಅಪಾಯವನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಕಡಲಿನಲ್ಲಿ ದೂರವನ್ನು ನಾಟಿಕಲ್ ಮೈಲಿಯಲ್ಲಿ ಅಳೆಯುತ್ತಾರೆ. ಒಂದು ನಾಟಿಕಲ್ ಮೈಲಿ ಎಂದರೆ 1852 ಮೀಟರು. ಗಂಟೆಗೆ ಒಂದು ನಾಟಿಕಲ್ ಮೈಲಿ ಸಾಗುವ ವೇಗಕ್ಕೆ ಒಂದು ನಾಟ್ ಎಂದು ಹೆಸರು. ಹದಿನೈದು ನಾಟ್ ವೇಗದ ಹಡಗು ಮೂರು ನಾಟಿಕಲ್ ಮೈಲಿ ದೂರವನ್ನು ಕೇವಲ ಹನ್ನೆರಡು ನಿಮಿಷಗಳಲ್ಲಿ ಕ್ರಮಿಸುತ್ತದೆ. ವೇಗದಲ್ಲಿರುವ ಭಾರಿ ಹಡಗನ್ನು ನಿಲ್ಲಿಸಲು ಕಿಲೋಮೀಟರುಗಟ್ಟಲೆ ನೀರು ಬೇಕಾಗುತ್ತದೆ. ಸರಕಿನ ರಾಶಿಯ ಹಿಂದೆ ಎತ್ತರದಲ್ಲಿ ನಿಂತ ಚಾಲಕನಿಗೆ ಹಡಗಿನ ಮೂತಿಯ ಮುಂದಿನ ನೀರು ಐನೂರು ಮೀಟರಿನವರೆಗೂ ಕಾಣಿಸದೆ ಇರಬಹುದು. ಮರದ ದೋಣಿಯ ಗುರುತು ರೇಡಾರಿನ ಪರದೆಯ ಮೇಲೆ ಅಲೆಗಳ ಗುರುತಿನ ನಡುವೆ ಮುಚ್ಚಿಹೋಗುವುದೂ ಉಂಟು. ಆದುದರಿಂದ 'ದೊಡ್ಡ ಹಡಗಿನವರು ನೋಡಿಯೇ ನೋಡುತ್ತಾರೆ' ಎಂದು ನಂಬಿ ಕುಳಿತುಕೊಳ್ಳುವುದು ಸರಿಯಲ್ಲ.

2021ರ ಏಪ್ರಿಲ್ 13ರ ನಸುಕಿನಲ್ಲಿ ಈ ಮಾತು ದಾರುಣವಾಗಿ ನಿಜವಾಯಿತು. ಕೇರಳದ ಬೇಪೂರಿನಿಂದ ಹೊರಟಿದ್ದ ಮೀನುಗಾರಿಕೆಯ ದೋಣಿಯೊಂದು ಮಂಗಳೂರಿನಿಂದ ನಲವತ್ತು ನಾಟಿಕಲ್ ಮೈಲಿಗೂ ಹೆಚ್ಚು ದೂರದಲ್ಲಿತ್ತು. ತಮಿಳುನಾಡು ಮತ್ತು ಪಶ್ಚಿಮ ಬಂಗಾಳಗಳ ಹದಿನಾಲ್ಕು ಮಂದಿ ಅದರಲ್ಲಿದ್ದರು. ಸಿಂಗಪುರದ ಧ್ವಜ ಹೊತ್ತ ಸರಕು ಹಡಗಿಗೂ ಆ ದೋಣಿಗೂ ಕತ್ತಲಲ್ಲಿ ಡಿಕ್ಕಿಯಾಯಿತು, ದೋಣಿ ಮಗುಚಿತು. ತಟರಕ್ಷಣಾ ಪಡೆ ಮತ್ತು ನೌಕಾಪಡೆಯ ಹಡಗುಗಳೂ ವಿಮಾನಗಳೂ ಹುಡುಕಿದವು. ಹದಿನಾಲ್ವರಲ್ಲಿ ಜೀವಂತವಾಗಿ ದೊರೆತವರು ಇಬ್ಬರೇ. ಎರಡು ಹಡಗುಗಳ ನಡುವೆ ಹಗೆಯಿರಲಿಲ್ಲ, ಜಗಳವಿರಲಿಲ್ಲ. ಒಂದು ಮತ್ತೊಂದರ ದಾರಿಯಲ್ಲಿದ್ದುದೇ ಅಷ್ಟು ಜೀವಗಳಿಗೆ ಮುಳುವಾಯಿತು.

ಇಂತಹ ಅನಾಹುತಗಳನ್ನು ತಪ್ಪಿಸಲು ಜಗತ್ತಿನ ರಾಷ್ಟ್ರಗಳು 1972ರಲ್ಲಿ ಲಂಡನ್ನಿನಲ್ಲಿ ಒಟ್ಟುಗೂಡಿ ಕಡಲಸಂಚಾರದ ನಿಯಮಗಳನ್ನು ಒಪ್ಪಿಕೊಂಡವು. 1977ರ ಜುಲೈ 15ರಿಂದ ಅವು ಜಾರಿಯಲ್ಲಿವೆ. ಭಾಷೆ ತಿಳಿಯದ ಇಬ್ಬರು ನಾವಿಕರು ಪರಸ್ಪರ ಅರಿತು ನಡೆಯಲು ಈ ನಿಯಮಗಳೇ ಆಧಾರ.

ಮೊದಲನೆಯ ನಿಯಮ ಕಾವಲು. ಹಡಗು ಸಾಗುತ್ತಿರುವಾಗ ಒಬ್ಬರಾದರೂ ಕಣ್ಣು ಕಿವಿಗಳನ್ನು ತೆರೆದು ಎಚ್ಚರವಾಗಿರಲೇಬೇಕು. ದೂರದಲ್ಲಿ ಹಡಗು ಕಂಡಾಗ, ಅದು ತಮ್ಮ ಮೇಲೆಯೇ ಬರುತ್ತಿದೆಯೇ ಎಂದು ಅರಿಯಲು ಸರಳವಾದ ಉಪಾಯವುಂಟು. ದಿಕ್ಸೂಚಿಯಲ್ಲಿ ಆ ಹಡಗು ಇರುವ ದಿಕ್ಕನ್ನು ಗುರುತಿಸಿಕೊಂಡು, ಕೆಲವು ನಿಮಿಷಗಳ ಅನಂತರ ಮತ್ತೆ ನೋಡಬೇಕು. ದಿಕ್ಕು ಬದಲಾಗುತ್ತಾ ಹೋದರೆ ಹಡಗು ಸಾಮಾನ್ಯವಾಗಿ ಮುಂದಿನಿಂದಲೋ ಹಿಂದಿನಿಂದಲೋ ಹಾದುಹೋಗುತ್ತದೆ. ದಿಕ್ಕು ಬದಲಾಗದೆ ಹಡಗು ಮಾತ್ರ ದೊಡ್ಡದಾಗುತ್ತಾ ಬಂದರೆ ಡಿಕ್ಕಿಯ ಅಪಾಯವಿದೆ ಎಂದೇ ತಿಳಿಯಬೇಕು.

ರಾತ್ರಿಯಲ್ಲಿ ದೀಪಗಳೇ ಹಡಗಿನ ಮಾತು. ಹಡಗಿನ ಎಡಗಡೆಗೆ ಕೆಂಪು ದೀಪ, ಬಲಗಡೆಗೆ ಹಸಿರು ದೀಪ, ಹಿಂಬದಿಗೆ ಬಿಳಿಯ ದೀಪ ಇರುತ್ತವೆ. ಯಂತ್ರದಿಂದ ಚಲಿಸುವ ಹಡಗಿನ ಕಂಬದ ಮೇಲೆ ಮುಂದಕ್ಕೆ ಕಾಣುವ ಬಿಳಿಯ ದೀಪವೂ ಇರುತ್ತದೆ. ಎದುರಿನಲ್ಲಿ ಕೆಂಪು ಹಸಿರುಗಳೆರಡೂ ಒಟ್ಟಿಗೆ ಕಂಡರೆ ಹಡಗು ನೇರವಾಗಿ ಎದುರು ಬರುತ್ತಿದೆ ಎಂದರ್ಥ. ಬಲೆ ಎಳೆಯುತ್ತಿರುವ ಟ್ರಾಲರ್ ದೋಣಿಯು ಹಸಿರು ದೀಪವನ್ನು ಮೇಲೆ, ಬಿಳಿಯದನ್ನು ಕೆಳಗೆ ಉರಿಸುತ್ತದೆ. ಬೇರೆ ವಿಧದ ಮೀನುಗಾರಿಕೆಯಲ್ಲಿ ತೊಡಗಿದ ದೋಣಿಯು ಹಸಿರಿಗೆ ಬದಲಾಗಿ ಕೆಂಪನ್ನು ಉರಿಸುತ್ತದೆ.

ಭಾರತದ ರಸ್ತೆಗಳಲ್ಲಿ ವಾಹನಗಳು ಎಡಕ್ಕೆ ಸರಿಯುತ್ತವೆ. ಕಡಲಿನಲ್ಲಿ ಎರಡು ಯಂತ್ರದ ಹಡಗುಗಳು ಮುಖಾಮುಖಿಯಾದರೆ ಎರಡೂ ಬಲಕ್ಕೆ ತಿರುಗಬೇಕು. ದಾರಿಗೆ ಅಡ್ಡವಾಗಿ ಬಲಗಡೆಯಿಂದ ಹಡಗು ಬರುತ್ತಿದ್ದರೆ ಅದಕ್ಕೆ ದಾರಿ ಬಿಡಬೇಕು. ಅದರ ಮುಂದಿನಿಂದ ದಾಟಲು ಆತುರಪಡಬಾರದು. ಹಿಂದಿನಿಂದ ಬಂದು ಮುಂದೆ ಹೋಗುವ ಹಡಗು ತಾನೇ ದೂರ ಸರಿದು ಹೋಗಬೇಕು. ಯಂತ್ರದ ಹಡಗು ಸಾಮಾನ್ಯವಾಗಿ ಹಾಯಿಯ ಹಡಗಿಗೂ ಬಲೆ ಎಳೆಯುತ್ತಿರುವ ದೋಣಿಗೂ ದಾರಿ ಬಿಡಬೇಕು. ಹೀಗೆ ದಾರಿ ಬಿಡುವಾಗ ಚುಕ್ಕಾಣಿಯನ್ನು ಅಳುಕುತ್ತಾ ಸ್ವಲ್ಪ ಸ್ವಲ್ಪವೇ ತಿರುಗಿಸಬಾರದು. ಎದುರಿನವನಿಗೆ ಸ್ಪಷ್ಟವಾಗಿ ಕಾಣುವಂತೆ, ಸಾಕಷ್ಟು ಮುಂಚಿತವಾಗಿಯೇ ತಿರುಗಿಸಬೇಕು. ಬಲಕ್ಕೆ ತಿರುಗುವಾಗ ಸೀಟಿಯನ್ನು ಒಮ್ಮೆ, ಎಡಕ್ಕೆ ತಿರುಗುವಾಗ ಎರಡು ಬಾರಿ ಊದುತ್ತಾರೆ. ಐದು ಬಾರಿ ಬೇಗಬೇಗನೆ ಊದಿದರೆ 'ನಿನ್ನ ಉದ್ದೇಶ ತಿಳಿಯುತ್ತಿಲ್ಲ' ಎಂದರ್ಥ. ಎದುರಿನವನು ನಿಯಮವನ್ನು ಪಾಲಿಸದೆ ಇದ್ದಾಗ, ದಾರಿಯ ಹಕ್ಕು ತನ್ನದೆಂದು ಹಟ ಹಿಡಿಯುವುದನ್ನು ಈ ನಿಯಮಗಳು ಒಪ್ಪುವುದಿಲ್ಲ. ಡಿಕ್ಕಿಯನ್ನು ತಪ್ಪಿಸುವುದು ಕೊನೆಗೆ ಇಬ್ಬರ ಕರ್ತವ್ಯವೂ ಹೌದು.

ಅಪರಿಚಿತ ಹಡಗಿನ ದಾರಿ ತಿಳಿದರೂ ಅದರ ಉದ್ದೇಶ ತಿಳಿಯದಿರಬಹುದು. 1999ರ ಅಕ್ಟೋಬರ್ ತಿಂಗಳಿನಲ್ಲಿ ಅಲ್ಯೂಮಿನಿಯಂ ಗಟ್ಟಿಗಳನ್ನು ಹೊತ್ತು ಇಂಡೊನೇಷ್ಯದಿಂದ ಹೊರಟ 'ಅಲೊಂಡ್ರಾ ರೈನ್‌ಬೋ' ಎಂಬ ಹಡಗನ್ನು ಕಡಲ್ಗಳ್ಳರು ವಶಪಡಿಸಿಕೊಂಡರು. ಅದರ ಹದಿನೇಳು ನಾವಿಕರನ್ನು ತೆಪ್ಪವೊಂದರಲ್ಲಿ ನಡುಗಡಲಿಗೆ ಬಿಟ್ಟರು. ಹಡಗಿನ ಹೆಸರನ್ನು ಅಳಿಸಿ 'ಮೆಗಾ ರಾಮಾ' ಎಂದು ಬರೆದರು. ಭಾರತದ ಪಶ್ಚಿಮ ಕರಾವಳಿಯಾಚೆ ಈ ಹಡಗನ್ನು ತಟರಕ್ಷಣಾ ಪಡೆಯ ವಿಮಾನ ಕಂಡಿತು. ಹಡಗು ತಾನು ಬೆಲೀಜ್ ದೇಶದ್ದೆಂದು ಹೇಳಿಕೊಂಡಿತ್ತು. ವಿಚಾರಿಸಿದಾಗ ಅಂತಹ ಹಡಗು ಆ ದೇಶದ ದಾಖಲೆಯಲ್ಲಿ ಇರಲಿಲ್ಲ. ತಟರಕ್ಷಣಾ ಪಡೆಯ 'ತಾರಾಬಾಯಿ' ಮತ್ತು ನೌಕಾಪಡೆಯ 'ಪ್ರಹಾರ್' ಹಡಗುಗಳು ಬೆನ್ನಟ್ಟಿ, ನವೆಂಬರ್ 16ರಂದು ಅದನ್ನು ವಶಪಡಿಸಿಕೊಂಡವು. ಹೆಸರನ್ನು ಬಣ್ಣದಿಂದ ಬದಲಾಯಿಸಬಹುದು, ದಾಖಲೆಯಲ್ಲಿ ಬದಲಾಯಿಸುವುದು ಸುಲಭವಲ್ಲ ಎಂಬುದನ್ನು ಈ ಪ್ರಸಂಗ ತೋರಿಸಿತು.

2008ರ ನವೆಂಬರ್ ತಿಂಗಳಿನಲ್ಲಿ ಮುಂಬಯಿಗೆ ನುಗ್ಗಿದ ಭಯೋತ್ಪಾದಕರು 'ಕುಬೇರ್' ಎಂಬ ಭಾರತದ ಮೀನುಗಾರಿಕೆಯ ದೋಣಿಯನ್ನೇ ಅಪಹರಿಸಿ ಅದರಲ್ಲಿ ಬಂದಿದ್ದರು. ದೋಣಿ ಪರಿಚಿತವಾಗಿತ್ತು, ಅದರಲ್ಲಿದ್ದವರು ಮಾತ್ರ ಅಪರಿಚಿತರು. ಆ ಘಟನೆಯ ಬಳಿಕ ಕರಾವಳಿಯ ಕಾವಲು ಎಲ್ಲೆಡೆ ಬಿಗಿಯಾಯಿತು. ಕರ್ನಾಟಕದಲ್ಲಿ ಮಲ್ಪೆಯನ್ನು ಕೇಂದ್ರವಾಗಿಟ್ಟುಕೊಂಡು ಕರಾವಳಿ ಕಾವಲು ಪೊಲೀಸ್ ಪಡೆ ಕೆಲಸ ಮಾಡುತ್ತಿದೆ. ಕಡಲಿನ ಅಗಲಕ್ಕೆ ಪೊಲೀಸರ ಕಣ್ಣುಗಳು ಸಾಲವು. ಮೀನುಗಾರರೇ ಕಡಲಿನ ಮೊದಲ ಕಾವಲುಗಾರರು.

ಸಂಶಯ ಅಗತ್ಯವೇ ಸರಿ. ಆದರೆ ಸಂಶಯವು ವಿವೇಕವನ್ನು ಮೀರಿದರೆ ಏನಾಗುವುದೆಂಬುದಕ್ಕೆ 2012ರ ಫೆಬ್ರವರಿ 15ರ ಘಟನೆ ಸಾಕ್ಷಿಯಾಗಿದೆ. ಸೊಮಾಲಿಯದ ಕಡಲ್ಗಳ್ಳರ ಭಯ ಹಬ್ಬಿದ್ದ ಆ ದಿನಗಳಲ್ಲಿ ಅನೇಕ ಹಡಗುಗಳು ಬಂದೂಕುಧಾರಿ ಕಾವಲುಗಾರರನ್ನು ಜತೆಗೆ ಒಯ್ಯುತ್ತಿದ್ದವು. ಕೇರಳದ ಕರಾವಳಿಯಾಚೆ ಸಾಗುತ್ತಿದ್ದ ಇಟಲಿಯ 'ಎನ್ರಿಕಾ ಲೆಕ್ಸಿ' ಎಂಬ ತೈಲದ ಹಡಗಿನಲ್ಲಿದ್ದ ಸೈನಿಕರು 'ಸೇಂಟ್ ಆಂಟನಿ' ಎಂಬ ಮೀನುಗಾರಿಕೆಯ ದೋಣಿಯತ್ತ ಗುಂಡು ಹಾರಿಸಿದರು. ಅದು ಕಡಲ್ಗಳ್ಳರ ದೋಣಿಯೆಂದು ಭಾವಿಸಿದುದಾಗಿ ಅವರ ಪಕ್ಷದವರು ಹೇಳಿದರು. ನಿರಪರಾಧಿಗಳಾದ ಇಬ್ಬರು ಮೀನುಗಾರರು ಮಡಿದರು. ವ್ಯಾಜ್ಯವು ಅಂತರರಾಷ್ಟ್ರೀಯ ನ್ಯಾಯಮಂಡಳಿಯವರೆಗೆ ಹೋಯಿತು. ಇಟಲಿಯು ಹತ್ತು ಕೋಟಿ ರೂಪಾಯಿ ಪರಿಹಾರ ಸಲ್ಲಿಸಿದ ಮೇಲೆ, 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೊಕದ್ದಮೆಯನ್ನು ಮುಕ್ತಾಯಗೊಳಿಸಿತು. ಹಣ ಬಂದಿತು, ಹೋದ ಜೀವ ಬರಲಿಲ್ಲ.

ಹಾಗಾದರೆ ಸಂಶಯಾಸ್ಪದವಾದ ಹಡಗು ಎದುರಾದಾಗ ತಾಂಡೇಲನು ಮಾಡಬೇಕಾದುದೇನು? ಮೊದಲು ದೂರವನ್ನು ಕಾಯ್ದುಕೊಳ್ಳಬೇಕು. ಕುತೂಹಲದಿಂದ ಹತ್ತಿರ ಹೋಗುವುದಾಗಲಿ, ಬೆನ್ನಟ್ಟುವುದಾಗಲಿ ಸಲ್ಲದು. ರೇಡಿಯೋದ ಹದಿನಾರನೆಯ ಚಾನೆಲ್ ಎಲ್ಲ ಹಡಗುಗಳೂ ಆಲಿಸುವ ಕರೆಯ ಚಾನೆಲ್. ಅದರಲ್ಲಿ ತನ್ನ ದೋಣಿಯ ಹೆಸರನ್ನೂ ಸ್ಥಾನವನ್ನೂ ತಿಳಿಸಿ ಎದುರಿನ ಹಡಗನ್ನು ವಿಚಾರಿಸಬಹುದು. ಆ ಹಡಗಿನ ಹೆಸರು, ಬಣ್ಣ, ಆಕಾರ, ಸಾಗುತ್ತಿರುವ ದಿಕ್ಕು ಹಾಗೂ ಕಂಡ ಹೊತ್ತನ್ನು ಬರೆದಿಟ್ಟುಕೊಳ್ಳಬೇಕು. ಅನಂತರ ತಟರಕ್ಷಣಾ ಪಡೆಯ 1554 ಅಥವಾ ಕರಾವಳಿ ಪೊಲೀಸರ 1093 ಸಂಖ್ಯೆಗೆ ಸುದ್ದಿ ಮುಟ್ಟಿಸಬೇಕು. ದೂರವಾಣಿ ಎಟುಕದ ದೂರದಲ್ಲಿ ರೇಡಿಯೋ ಉಂಟು. ತನಗೇ ಆಪತ್ತು ಬಂದರೆ, ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಮೀನುಗಾರರಿಗಾಗಿ ರೂಪಿಸಿದ ಆಪತ್ಸೂಚಕ ಯಂತ್ರದ ಗುಂಡಿಯನ್ನು ಒತ್ತಿದರೆ ಕರೆಯು ಉಪಗ್ರಹದ ಮೂಲಕ ರಕ್ಷಣಾ ಕೇಂದ್ರವನ್ನು ತಲಪುತ್ತದೆ. ತಟರಕ್ಷಣಾ ಪಡೆಯವರೇ ತನ್ನ ದೋಣಿಯನ್ನು ತಡೆದರೆ ಗಾಬರಿಪಡದೆ ನಿಲ್ಲಿಸಿ ನೋಂದಣಿ ಪತ್ರವನ್ನೂ ಗುರುತಿನ ಚೀಟಿಯನ್ನೂ ತೋರಿಸಬೇಕು. ಅವರ ಕಣ್ಣಿಗೆ ತಾನೂ ಒಬ್ಬ ಅಪರಿಚಿತನೇ ಎಂಬುದನ್ನು ಮರೆಯಬಾರದು.

ಕೊನೆಯದಾಗಿ ಇನ್ನೊಂದು ಮಾತು ಉಳಿಯುತ್ತದೆ. ಎದುರಾದ ಅಪರಿಚಿತನು ಆಪತ್ತಿನಲ್ಲಿ ಸಿಲುಕಿದವನೂ ಆಗಿರಬಹುದು. ಕಡಲಿನಲ್ಲಿ ಮುಳುಗುತ್ತಿರುವವನು ಯಾರೇ ಆಗಲಿ, ತನ್ನ ಹಡಗಿಗೆ ಅಪಾಯವಿಲ್ಲದಂತೆ ಅವನಿಗೆ ನೆರವಾಗುವುದು ನಾವಿಕನ ಧರ್ಮ. ಅಂತರರಾಷ್ಟ್ರೀಯ ಕಾನೂನೂ ಅದನ್ನೇ ಹೇಳುತ್ತದೆ. 'ಅಲೊಂಡ್ರಾ ರೈನ್‌ಬೋ'ದ ಹದಿನೇಳು ನಾವಿಕರು ತೆಪ್ಪದಲ್ಲಿ ಹತ್ತು ದಿನಗಳಷ್ಟು ಕಾಲ ತೇಲಿದರು. ದೂರದಲ್ಲಿ ಹಾದುಹೋದ ಹಡಗುಗಳು ನಿಲ್ಲಲಿಲ್ಲ. ಕಟ್ಟಕಡೆಗೆ ಅವರನ್ನು ಮೇಲೆತ್ತಿಕೊಂಡದ್ದು ಥಾಯ್ಲೆಂಡಿನ ಮೀನುಗಾರರ ಒಂದು ದೋಣಿ. ಆ ಮೀನುಗಾರರಿಗೆ ತೆಪ್ಪದಲ್ಲಿದ್ದವರು ಯಾರೆಂಬುದು ತಿಳಿದಿರಲಿಲ್ಲ. ಆದರೂ ಅವರು ದೋಣಿಯನ್ನು ತಿರುಗಿಸಿದರು. ಹದಿನೇಳು ಜೀವಗಳು ಉಳಿದವು.

ಕತ್ತಲ ದಾರಿಯಲ್ಲಿ ಕಬ್ಬಿನ ಗಾಡಿಯ ಕೆಳಗೆ ತೂಗಿದ ಲಾಂದ್ರಕ್ಕೂ, ಕಡಲಿನ ದೋಣಿಯ ಕಂಬದ ಮೇಲಿನ ದೀಪಕ್ಕೂ ಅರ್ಥ ಒಂದೇ. ತನ್ನನ್ನು ಮರೆಮಾಚದೆ ತೋರಿಸಿಕೊಳ್ಳುವುದು, ಎದುರಿನವನನ್ನು ಎಚ್ಚರದಿಂದ ನೋಡುವುದು, ಅವಸರದಲ್ಲಿ ಅವನನ್ನು ಮಿತ್ರನೆಂದಾಗಲಿ ಶತ್ರುವೆಂದಾಗಲಿ ತೀರ್ಮಾನಿಸದೆ ಇರುವುದು: ಇಷ್ಟನ್ನು ಅರಿತವನಿಗೆ ಕಡಲಾಗಲಿ ನೆಲವಾಗಲಿ ದಾರಿ ಸುಗಮವಾಗುತ್ತದೆ.

ಅಭ್ಯಾಸ

ಅ) ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿ:
1. ಕಬ್ಬಿನ ಗಾಡಿಯ ಕೆಳಗೆ ಲಾಂದ್ರವನ್ನು ಏಕೆ ಕಟ್ಟುತ್ತಿದ್ದರು?
2. ಎದುರಿನಲ್ಲಿ ಕೆಂಪು ಮತ್ತು ಹಸಿರು ದೀಪಗಳೆರಡೂ ಕಂಡರೆ ಏನೆಂದು ತಿಳಿಯಬೇಕು?
3. ಸೀಟಿಯನ್ನು ಐದು ಬಾರಿ ಬೇಗಬೇಗನೆ ಊದುವುದರ ಅರ್ಥವೇನು?

ಆ) ಐದಾರು ವಾಕ್ಯಗಳಲ್ಲಿ ಉತ್ತರಿಸಿ:
1. ಡಿಕ್ಕಿಯ ಅಪಾಯವಿದೆಯೇ ಎಂಬುದನ್ನು ದಿಕ್ಸೂಚಿಯಿಂದ ಹೇಗೆ ಅರಿಯಬಹುದು?
2. ಸಂಶಯಾಸ್ಪದವಾದ ಹಡಗು ಕಂಡಾಗ ತಾಂಡೇಲನು ಕೈಗೊಳ್ಳಬೇಕಾದ ಕ್ರಮಗಳಾವುವು?

ಇ) ಸಂದರ್ಭ ಸಹಿತ ವಿವರಿಸಿ:
1. 'ದೋಣಿ ಪರಿಚಿತವಾಗಿತ್ತು; ಅದರಲ್ಲಿದ್ದವರು ಮಾತ್ರ ಅಪರಿಚಿತರು.'
2. 'ಹಣ ಬಂದಿತು, ಹೋದ ಜೀವ ಬರಲಿಲ್ಲ.'