ನೆಲದ ನಡುಕದ ಲೆಕ್ಕ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಮಾರ್ಗದಲ್ಲಿ ಮಧುವನಹಳ್ಳಿ ಎಂಬ ಗ್ರಾಮವಿದೆ. ಈ ಸೀಮೆಯ ಅಂಚಿನಲ್ಲಿ ಹರಿದು ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯು, ಇಲ್ಲಿಗೆ ಬರುವ ಮೊದಲು ಕನ್ನಂಬಾಡಿಯ ಕೃಷ್ಣರಾಜಸಾಗರದಲ್ಲಿ ನಿಂತು, ರಂಗನತಿಟ್ಟಿನ ನಡುಗಡ್ಡೆಗಳನ್ನು ಬಳಸಿಕೊಂಡು ಬರುವಳು. ಆದುದರಿಂದ ಕನ್ನಂಬಾಡಿಯ ಬಳಿ ಬಂಡೆಯನ್ನು ಸಿಡಿಸಬಹುದೇ ಎಂಬ ವಿವಾದವನ್ನು ಮಂಡ್ಯ ಜಿಲ್ಲೆಯವರ ಜಗಳವೆಂದು ಮಧುವನಹಳ್ಳಿಯ ವಿದ್ಯಾರ್ಥಿಯು ಬದಿಗಿಡುವಂತಿಲ್ಲ. ಕಟ್ಟೆಗೆ ಕೇಡಾದರೆ ಹೊಳೆಯ ಕೆಳಗಿನವರಿಗೆಲ್ಲ ಕೇಡು. ಈ ವಿಷಯದಲ್ಲಿ ಭೌತವಿಜ್ಞಾನವು ಎಷ್ಟನ್ನು ಹೇಳಬಲ್ಲುದು, ಎಲ್ಲಿ ನಿಲ್ಲುವುದು ಎಂಬುದನ್ನು ವಿಚಾರಿಸೋಣ.

ವಿವಾದದ ಸ್ವರೂಪ

ಕೃಷ್ಣರಾಜಸಾಗರದ ಕೆಲಸ ೧೯೧೧ರಲ್ಲಿ ಆರಂಭವಾಯಿತು. ಕಲ್ಲನ್ನು ಸುರ್ಕಿ ಗಾರೆಯಿಂದ ಬೆಸೆದು ಕಟ್ಟಿದ ಈ ಕಟ್ಟೆಯ ಎತ್ತರ ಸುಮಾರು ೧೩೦ ಅಡಿ, ಉದ್ದ ಸುಮಾರು ೮,೬೦೦ ಅಡಿ. ಇದರ ಕೆಳಗೆ, ಶ್ರೀರಂಗಪಟ್ಟಣದ ಬಳಿ, ರಂಗನತಿಟ್ಟು ಇರುವುದು. ಸಲೀಂ ಅಲಿಯವರ ಸಲಹೆಯಂತೆ ೧೯೪೦ರಲ್ಲಿ ಪಕ್ಷಿಧಾಮವಾದ ಈ ತಾಣವು ೨೦೨೨ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಇರಾನಿನ ರಾಮ್ಸಾರ್ ನಗರದಲ್ಲಿ ೧೯೭೧ರಲ್ಲಿ ಆದ ಒಪ್ಪಂದದಂತೆ, ಲೋಕಕ್ಕೆಲ್ಲ ಮುಖ್ಯವಾದ ಜೌಗುನೆಲ ಮತ್ತು ಜಲತಾಣಗಳ ಪಟ್ಟಿ ಇದು. ಕರ್ನಾಟಕದಿಂದ ಈ ಪಟ್ಟಿಗೆ ಸೇರಿದ ಮೊದಲ ತಾಣವೇ ರಂಗನತಿಟ್ಟು.

ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟವು ಕಟ್ಟೆಯಿಂದ ಸುಮಾರು ೧೦ ಕಿಲೋಮೀಟರ್ ದೂರದಲ್ಲಿದೆ. ಅಲ್ಲಿನ ಕಲ್ಲುಗಣಿಗಳೇ ವಿವಾದದ ಮೂಲ. ೨೦೧೮ರ ಸೆಪ್ಟೆಂಬರಿನಲ್ಲಿ ಆ ಭಾಗದಲ್ಲಿ ಭಾರಿ ಸದ್ದು ಕೇಳಿಬಂದಾಗ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಅದನ್ನು ಗಣಿಯ ಸ್ಫೋಟವೆಂದು ಗುರುತಿಸಿ, ಗಣಿಗಾರಿಕೆಯನ್ನು ನಿಲ್ಲಿಸಲು ಸಲಹೆ ಮಾಡಿತು. ಅಪಾಯವುಂಟೇ ಎಂದು ತಿಳಿಯಲು ಪರೀಕ್ಷಾರ್ಥ ಸ್ಫೋಟ ನಡೆಸುವ ಪ್ರಸ್ತಾಪ ೨೦೨೨ರಲ್ಲಿಯೂ ೨೦೨೪ರಲ್ಲಿಯೂ ಬಂದಿತು. ಎರಡು ಸಲವೂ ರೈತರು ವಿರೋಧಿಸಿದರು. ೨೦೨೪ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು, ತಜ್ಞರ ಅಧ್ಯಯನ ಮುಗಿಯುವವರೆಗೆ ಕಟ್ಟೆಯ ಸುತ್ತ ೨೦ ಕಿಲೋಮೀಟರ್ ಒಳಗೆ ಗಣಿಗಾರಿಕೆಯನ್ನು ನಿಷೇಧಿಸಿತು. ರಂಗನತಿಟ್ಟೂ ಈ ವೃತ್ತದೊಳಗೇ ಇರುವುದು. ಇತ್ತ, ಮನೆಗೂ ರಸ್ತೆಗೂ ಕಲ್ಲು ಬೇಕು. ಕಲ್ಲೊಡೆದು ಬದುಕುವವರಿಗೆ ಕೂಲಿಯೂ ಬೇಕು. ಇದನ್ನು ಮರೆಯಲಾಗದು.

ನಡುಕ ಬೇರೆ, ಸದ್ದು ಬೇರೆ

ಕುಳಿಯಲ್ಲಿ ತುಂಬಿದ ಮದ್ದು ಸಿಡಿದಾಗ ಅದರ ಶಕ್ತಿಯ ಒಂದು ಪಾಲು ಬಂಡೆಯನ್ನು ಒಡೆಯುವುದು. ಉಳಿದುದರಲ್ಲಿ ಕೆಲವಂಶ ನೆಲದಲ್ಲಿಯೂ ಗಾಳಿಯಲ್ಲಿಯೂ ತರಂಗಗಳಾಗಿ ಹರಡುವುದು. ಗಟ್ಟಿ ಬಂಡೆಯಲ್ಲಿ ತರಂಗವು ಸೆಕೆಂಡಿಗೆ ಸುಮಾರು ೫ ಕಿಲೋಮೀಟರ್ ಓಡಿದರೆ, ಗಾಳಿಯಲ್ಲಿ ಶಬ್ದವು ಸುಮಾರು ೩೪೦ ಮೀಟರ್ ಮಾತ್ರ ಓಡುವುದು. ೧೦ ಕಿಲೋಮೀಟರ್ ದೂರವನ್ನು ನೆಲದ ನಡುಕವು ೨ ಸೆಕೆಂಡಿನಲ್ಲಿ ಮುಟ್ಟುವುದು. ಸದ್ದು ಬರಲು ೨೯ ಸೆಕೆಂಡು ಬೇಕು. ಕಿಟಕಿ ಗಡಗಡಿಸಿದರೆ ನೆಲವೇ ನಡುಗಿತೆಂದು ನಾವು ಭಾವಿಸುವೆವು. ಎಷ್ಟೋ ಸಲ ಅದು ಗಾಳಿಯ ತರಂಗದ ಕೆಲಸ.

ಕಟ್ಟಡಕ್ಕೆ ಹಾನಿಯಾಗುವುದು ತರಂಗದ ಓಟದಿಂದಲ್ಲ, ನೆಲದ ಕಣಗಳ ಅಲುಗಾಟದಿಂದ. ಕೆರೆಗೆ ಕಲ್ಲೆಸೆದಾಗ ಅಲೆಯು ದಡದವರೆಗೆ ಹೋಗುವುದು. ತೇಲುವ ಎಲೆಯೋ ಇದ್ದಲ್ಲಿಯೇ ಏರಿ ಇಳಿಯುವುದು. ಆ ಎಲೆಯ ವೇಗದಂತಹುದೇ 'ಕಣವೇಗ'. ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು ೧೯೯೭ರಲ್ಲಿ ಇದಕ್ಕೆ ಮಿತಿಗಳನ್ನು ಗೊತ್ತುಮಾಡಿತು. ಐತಿಹಾಸಿಕ ಮತ್ತು ಸೂಕ್ಷ್ಮ ಕಟ್ಟಡಗಳಿಗೆ, ಸೆಕೆಂಡಿಗೆ ೮ಕ್ಕಿಂತ ಕಡಮೆ ಆವರ್ತಗಳ ಕಂಪನವಾದರೆ, ಕಣವೇಗವು ಸೆಕೆಂಡಿಗೆ ೨ ಮಿಲಿಮೀಟರನ್ನು ಮೀರಬಾರದು.

ಒಂದು ಲೆಕ್ಕ

ಕಣವೇಗವನ್ನು ನಿರ್ಣಯಿಸುವ ಮುಖ್ಯ ಅಂಶಗಳು ಎರಡು: ದೂರ, ಮತ್ತು ಒಂದೇ ಕ್ಷಣದಲ್ಲಿ ಸಿಡಿಯುವ ಮದ್ದಿನ ತೂಕ. ದೂರವನ್ನು ತೂಕದ ವರ್ಗಮೂಲದಿಂದ ಭಾಗಿಸಬೇಕು. ಈ ಭಾಗಲಬ್ಧವು ಇಮ್ಮಡಿಯಾದರೆ ಕಣವೇಗವು ಸುಮಾರು ಮೂರನೆಯ ಒಂದಂಶಕ್ಕೆ ಇಳಿಯುವುದು. ಮದ್ದನ್ನು ನಾಲ್ಕು ಪಟ್ಟು ಮಾಡಿದರೆ ಅದು ಮೂರು ಪಟ್ಟು ಏರುವುದು.

೧೦೦ ಕಿಲೋಗ್ರಾಂ ಮದ್ದು, ೧೦ ಕಿಲೋಮೀಟರ್ ದೂರ ಎಂದು ಹಿಡಿಯೋಣ. ವಾಡಿಕೆಯ ಸ್ಥಿರಾಂಕಗಳನ್ನು ಬಳಸಿದರೆ ಕಣವೇಗವು ಸೆಕೆಂಡಿಗೆ ಸುಮಾರು ೦.೦೨ ಮಿಲಿಮೀಟರ್ ಎಂದು ಬರುವುದು. ಇದು ಮಿತಿಯ ನೂರನೆಯ ಒಂದು ಭಾಗ! ಹಾಗಾದರೆ ರೈತರ ಭಯ ನಿರಾಧಾರವೇ?

ಅವಸರ ಸಲ್ಲದು. ಆ ಸ್ಥಿರಾಂಕಗಳು ಸ್ಥಳದ ಬಂಡೆ, ಬಿರುಕು, ಮಣ್ಣುಗಳನ್ನು ಅನುಸರಿಸಿ ಬದಲಾಗುವುವು; ಆದುದರಿಂದಲೇ ಸ್ಥಳದಲ್ಲಿ ಅಳೆಯುವುದು ಅವಶ್ಯಕ. ಆದರೆ ಅಳತೆಯು ತಾನು ಅಳೆದ ಸ್ಫೋಟದ ವಿಷಯವನ್ನಷ್ಟೇ ಹೇಳುವುದು. ಪರೀಕ್ಷೆಯ ದಿನ ತಜ್ಞರ ಮುಂದೆ ಸಿಡಿದ ಮದ್ದಿನ ತೂಕವೇ ಬೇರೆ, ಮುಂದೆ ಕಣ್ಣು ತಪ್ಪಿಸಿ ಸಿಡಿಸುವ ತೂಕವೇ ಬೇರೆಯಾದರೆ, ಆ ಅಂಕೆಗೆ ಬೆಲೆಯಿಲ್ಲ. ಕುಳಿಗಳನ್ನು ಕ್ಷಣಕ್ಷಣದ ಅಂತರದಲ್ಲಿ ಒಂದಾದಮೇಲೊಂದು ಸಿಡಿಸದೆ ಒಟ್ಟಿಗೆ ಸಿಡಿಸಿದರೂ ಲೆಕ್ಕ ಕೆಡುವುದು. ಹಳೆಯ ಗಾರೆಯು ವರ್ಷಗಟ್ಟಲೆ ಮರುಕಳಿಸುವ ಕಂಪನವನ್ನು ಹೇಗೆ ತಾಳುವುದೆಂಬುದಕ್ಕೆ ಒಂದು ದಿನದ ಪ್ರಯೋಗವು ಉತ್ತರವಲ್ಲ.

ಹಕ್ಕಿಯ ಮಾತಂತೂ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ೨ ಮಿಲಿಮೀಟರಿನ ಮಿತಿಯು ಗೋಡೆಗೆ ಗೊತ್ತುಮಾಡಿದುದು. ಬಂಡೆಯ ಮೇಲೆಯೇ ಮೊಟ್ಟೆಯಿಡುವ ರೀವ, ಮರದಲ್ಲಿ ಗುಂಪಾಗಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ, ಇವು ಬೆದರಿ ಎದ್ದುಹೋದರೆ ಮೊಟ್ಟೆ ಮರಿಗಳು ಬಿಸಿಲಿಗೂ ಕಾಗೆಗೂ ಈಡಾಗುವುವು. ಎಷ್ಟು ಸದ್ದಿಗೆ ಅವು ಏಳುವುವೆಂಬುದನ್ನು ಗೂಡಿನ ಕಾಲದಲ್ಲಿ, ರಂಗನತಿಟ್ಟಿನಲ್ಲಿಯೇ ನೋಡಿ ತಿಳಿಯಬೇಕು. ಕಂಪನಮಾಪಕವು ಅದನ್ನು ಬರೆಯದು.

ಆದುದರಿಂದ ಸ್ಫೋಟವು ನಿರಪಾಯವೆಂದು ಯಾರಾದರೂ ಹೇಳಿದಾಗ, ವಿಜ್ಞಾನದ ವಿದ್ಯಾರ್ಥಿಯು ಕೇಳಬೇಕಾದ ಪ್ರಶ್ನೆಗಳು ಮೂರು: ಎಷ್ಟು ಮದ್ದಿಗೆ? ಯಾವುದಕ್ಕೆ ನಿರಪಾಯ? ನಾಳೆಯೂ ಅಷ್ಟೇ ಮದ್ದು ಸಿಡಿಯುವುದೆಂದು ನೋಡಿಕೊಳ್ಳುವವರು ಯಾರು? ಮೊದಲನೆಯದಕ್ಕೆ ಭೌತವಿಜ್ಞಾನವು ಉತ್ತರ ಕೊಡುವುದು. ಎರಡನೆಯದಕ್ಕೆ ಜೀವವಿಜ್ಞಾನದ ನೆರವೂ ಬೇಕು. ಮೂರನೆಯದಕ್ಕೆ ಉತ್ತರ ಕೊಡಬೇಕಾದವರು ಸರ್ಕಾರ ಮತ್ತು ನಾಗರಿಕರು. ಅದು ದೊರೆಯುವವರೆಗೆ ರೈತರ ಸಂದೇಹವನ್ನು ಅಜ್ಞಾನವೆಂದು ಕರೆಯುವುದು ಸರಿಯಲ್ಲ.